‘ಹಾಯ್’ ಅನ್ನೋದು ಮಾತಲ್ಲ

ಮೊದಲೇ ಹೇಳಿಬಿಡ್ತೀನಿ. ಡೇಟಿಂಗ್ ಆ್ಯಪಿನಲ್ಲಿ ಗುರುತು ಪರಿಚಯ ಇಲ್ಲದ ಹುಡುಗಿಗೆ ‘ಹಾಯ್’ ಅಂತ ಒಂದು ಶಬ್ದ ಎಸೆದು, ಆಕೆ ಉತ್ತರ ಕೊಡಲಿಲ್ಲ ಅಂತ ಚಾದಂಗಡಿಯಲ್ಲಿ ಕೂತು ‘ಈಗಿನ ಹುಡುಗ್ಯಾರಿಗೆ ಸೊಕ್ಕು ಭಾಳ’ ಎಂದು ಗೊಣಗುವ ಗಂಡಸರ ಮೇಲೆ ನನಗೆ ಎಳ್ಳಷ್ಟೂ ಕನಿಕರ ಇಲ್ಲ. ಈ ಲೇಖನ ಅವರ ವಿರುದ್ಧ. ಓದ್ತಾ ಹೋದರೆ ಅದು ನನ್ನ ವಿರುದ್ಧವೂ ಹೌದು, ಆದರೆ ಆ ವಿಷಯ ಆಮೇಲೆ.

ನಾನು ಬೆಂಗಳೂರಿನ ಕಂಪನಿಗೆ ಕೆಲಸ ಮಾಡ್ತೀನಿ. ತಿಂಗಳಲ್ಲಿ ಎರಡು ವಾರ ಟಿಕೋಟಾದ ಮನೆಯಿಂದಲೇ ಲ್ಯಾಪ್‌ಟಾಪ್ ತೆರೀತೀನಿ. ಸಂಜೆ ವಿಜಯಪುರಕ್ಕೆ ಹೋದರೆ ದೋಸ್ತರು ಸಿಗ್ತಾರೆ. ಒಬ್ಬ ಫೈನಾನ್ಸ್ ಕಂಪನಿಯವ, ಒಬ್ಬ ಮೆಡಿಕಲ್ ರೆಪ್, ಒಬ್ಬ ಬ್ಯಾಂಕಿನವ. ಎಲ್ಲರೂ ಓದಿದವರು, ದುಡಿಯುವವರು, ಮದುವೆ ಆಗದವರು. ಮಿರ್ಚಿಭಜಿ ಮುಗಿಯುವ ಹೊತ್ತಿಗೆ ಯಾರಾದರೊಬ್ಬರು ಫೋನನ್ನು ನನ್ನ ಕೈಗೆ ಕೊಡ್ತಾರೆ: ‘ಲೇ, ನೀ ಬರಿಯಾಂವ ಅದಿ. ಏನರ ಒಂದ್ ಛಲೋ ಲೈನ್ ಬರದ್ ಕೊಡಲ್ಲ.’

ಹಾಗೆ ಕೈಗೆ ಬಂದ ಫೋನುಗಳಲ್ಲಿ ಕಂಡದ್ದು ಹೇಳ್ತೀನಿ. ಮೇಲಿಂದ ಕೆಳಗೆ ಸರಿಸುತ್ತಾ ಹೋದರೆ ಒಂದೇ ಪದ. ಹಾಯ್. ಹಾಯ್. ಹಾಯ್ ಡಿಯರ್. ಹಲೋ ಮ್ಯಾಮ್. ಜಿಎಂ. ನಡುವೆ ಒಂದು ‘ಊಟ ಆಯ್ತಾ?’ ನಮ್ಮ ಕಡೆ ‘ಊಟಾತೇನ್ರಿ’ ಅನ್ನೋದಕ್ಕಿಂತ ಆತ್ಮೀಯವಾದ ಮಾತಿಲ್ಲ, ನಿಜ. ಆದರೆ ಅದು ಓಣಿಯ ಕಟ್ಟೆಯ ಮೇಲೆ ಕೂತವರು ದಾರಿಯಲ್ಲಿ ಹೋಗುವ ಪರಿಚಿತರಿಗೆ ಕೇಳುವ ಮಾತು. ರಾತ್ರಿ ಹನ್ನೊಂದೂವರೆಗೆ, ಮುಖ ನೋಡದ ಹೆಣ್ಣುಮಗಳಿಗೆ ಕೇಳಿದರೆ ಅದರ ಅರ್ಥವೇ ಬೇರೆ ಆಗ್ತದೆ.

ಸಣ್ಣವರಿದ್ದಾಗ ಮಧ್ಯಾಹ್ನ ಮಂದಿ ಮಲಗಿದ ಹೊತ್ತಿಗೆ ಬಾಗಿಲು ಬಡಿದು ಓಡಿಹೋಗ್ತಿದ್ದೆವಲ್ಲ, ‘ಹಾಯ್’ ಅಂದರೆ ಅದೇ. ಎದ್ದು ಬಂದು ಬಾಗಿಲು ತೆಗೆಯುವ, ಯಾರಪ್ಪಾ ಎಂದು ಕೇಳುವ, ಏನು ಬೇಕಾಗಿತ್ತು ಎಂದು ವಿಚಾರಿಸುವ ಕೆಲಸವೆಲ್ಲ ಒಳಗಿದ್ದವರದು. ಬಡಿದವನಿಗೆ ಖರ್ಚಿಲ್ಲ. ಆಕೆ ತನ್ನ ಪ್ರೊಫೈಲಿನಲ್ಲಿ ನಾಲ್ಕು ಸಾಲು ಬರೆದಿದ್ದಾಳೆ, ಐದು ಫೋಟೊ ಹಾಕಿದ್ದಾಳೆ. ಓದಿದೆ ಅನ್ನುವ ಗುರುತೂ ಇಲ್ಲದ ಒಂದು ಶಬ್ದ ಕಳಿಸಿ, ‘ಇನ್ನ ನೀನೇ ಮಾತು ಮುಂದುವರಸು’ ಎಂದು ಕಾಲ ಮೇಲೆ ಕಾಲು ಹಾಕಿ ಕೂತವನನ್ನು ಏನೆನ್ನಬೇಕು?

ವಿಜಯಪುರದವರಿಗೆ ಇದನ್ನು ತಿಳಿಸೋದು ಸುಲಭ. ನಾವೆಲ್ಲ ಶಾಲೆಯಲ್ಲಿದ್ದಾಗಿನಿಂದ ಗೋಳಗುಮ್ಮಟ ಹತ್ತಿದವರು. ಮೊಹಮ್ಮದ್ ಆದಿಲ್ ಷಾನ ಗೋರಿ, 1656ರ ಹೊತ್ತಿಗೆ ಕಟ್ಟಿದ್ದು. ಮೇಲಿನ ಪಿಸುಗುಟ್ಟುವ ಗ್ಯಾಲರಿಯಲ್ಲಿ ಒಂದು ಬದಿಗೆ ಗೋಡೆಗೆ ಬಾಯಿ ಹಚ್ಚಿ ಮೆಲ್ಲಗೆ ಮಾತಾಡಿದರೆ ಎದುರು ಬದಿ ಕೂತವರಿಗೆ ಕಿವಿಯ ಹತ್ತಿರವೇ ಹೇಳಿದ ಹಾಗೆ ಕೇಳ್ತದೆ. ಆ ಜಾಗದ ಚಮತ್ಕಾರ ಇರೋದೇ ಪಿಸುಮಾತಿನಲ್ಲಿ. ಆದರೆ ರವಿವಾರ ಹೋಗಿ ನೋಡ್ರಿ. ನೂರು ಮಂದಿ ಒಟ್ಟಿಗೆ ‘ಹೋ’ ಅಂತ ಒದರ್ತಿರ್ತಾರೆ. ಒಬ್ಬರ ಮಾತು ಒಬ್ಬರಿಗೆ ತಿಳಿಯೋದಿಲ್ಲ. ಒದರಿದವನಿಗೆ ಅವನ ದನಿಯೇ ಏಳು ಸಲ ತಿರುಗಿ ಬರ್ತದೆ, ಅವನು ಅದನ್ನೇ ಕೇಳಿ ಖುಷಿಪಟ್ಟು ಇಳಿದು ಬರ್ತಾನೆ. ಹುಡುಗಿಯ ಇನ್‌ಬಾಕ್ಸ್ ರವಿವಾರದ ಗೋಳಗುಮ್ಮಟ. ಅಲ್ಲಿ ನೂರಾ ಒಂದನೆಯವನಾಗಿ ಒದರಿ, ಉತ್ತರ ಬರಲಿಲ್ಲ ಎಂದು ಸಿಟ್ಟಾದರೆ ಹೆಂಗ?

ದೋಸ್ತರ ವಾದ ನನಗೆ ಬಾಯಿಪಾಠ ಆಗಿದೆ. ‘ಐವತ್ತು ಮಂದಿಗೆ ಕಳಸಿದ್ರ ಒಬ್ಬಾಕಿ ಉತ್ತರ ಕೊಡ್ತಾಳ. ಒಬ್ಬೊಬ್ಬಾಕಿದೂ ಪ್ರೊಫೈಲ್ ಓದಿ ಬರಕೋತ ಕುಂತ್ರ ನೌಕರಿ ಯಾವಾಗ ಮಾಡೂಣು?’ ಪೂರಾ ದಡ್ಡ ವಾದವಲ್ಲ ಇದು. ಉತ್ತರ ಬರದೇ ಇರುವುದು ಮನಸ್ಸಿಗೆ ನೋವು ಕೊಡ್ತದೆ. ಐವತ್ತು ಸಲ ಮನಸ್ಸಿಟ್ಟು ಬರೆದು ಐವತ್ತು ಸಲ ಸುಮ್ಮನಿರುವಿಕೆಯನ್ನು ನುಂಗುವುದಕ್ಕಿಂತ, ಮನಸ್ಸಿಡದೇ ಬರೆದರೆ ನೋವಾದರೂ ಕಡಿಮೆ. ‘ಹಾಯ್’ ಹಿಂದೆ ಇರೋದು ಸೋಮಾರಿತನಕ್ಕಿಂತ ಹೆಚ್ಚಾಗಿ ಅಂಜಿಕೆ. ಅದನ್ನು ನಾನು ಒಪ್ತೀನಿ.

ಆದರೆ ಲೆಕ್ಕವಾಗಿಯೂ ಇದು ನಷ್ಟದ ವ್ಯಾಪಾರ. ಓಕೆಕ್ಯುಪಿಡ್ ಎಂಬ ಅಮೆರಿಕದ ಡೇಟಿಂಗ್ ತಾಣ 2009ರಲ್ಲಿ ತನ್ನಲ್ಲಿ ಕಳಿಸಿದ 5 ಲಕ್ಷಕ್ಕೂ ಹೆಚ್ಚು ಮೊದಲ ಮೆಸೇಜುಗಳನ್ನು ಲೆಕ್ಕಹಾಕಿ ನೋಡಿತು. ‘ಹಾಯ್’, ‘ಹೇ’, ‘ಹಲೋ’ಗಳಿಗೆ ಉತ್ತರ ಕಡಿಮೆ. ಯು, ಆರ್ ಎಂದು ಅಕ್ಷರ ಕತ್ತರಿಸಿ ಬರೆದವಕ್ಕೂ ಕಡಿಮೆ. ಸುಂದರಿ, ಮಾದಕ ಎಂದು ರೂಪ ಹೊಗಳಿದವಕ್ಕೂ ಕಡಿಮೆ. ಹೆಚ್ಚು ಉತ್ತರ ಬಂದದ್ದು ‘ನೀವು ಹೀಗೆ ಬರೆದಿದ್ದೀರಲ್ಲ’ ಎಂದು ಆಕೆಯ ಮಾತನ್ನೇ ಹಿಡಿದು ಕೇಳಿದವಕ್ಕೆ. ಇನ್ನೊಂದು ತಮಾಷೆ ನೋಡ್ರಿ: ಸ್ವಲ್ಪ ಮುಜುಗರಪಟ್ಟು, ಕ್ಷಮೆ ಕೇಳಿಕೊಂಡು ಬರೆದ ಗಂಡಸರಿಗೂ ಚಲೋ ಉತ್ತರ ಬಂದಿತ್ತು. ಹಾಗಂತ ಉದ್ದ ಬರೆದರೆ ಸಾಕು ಅಂತಲ್ಲ. 2018ರಲ್ಲಿ ಅಮೆರಿಕದ ನಾಲ್ಕು ನಗರಗಳ ಬಗ್ಗೆ ಬಂದ ಅಧ್ಯಯನದ ಪ್ರಕಾರ, ತಮಗಿಂತ ಹೆಚ್ಚು ಬೇಡಿಕೆ ಇರುವವರಿಗೆ ಬರೆಯುವಾಗ ಜನ ಉದ್ದುದ್ದ ಬರೀತಾರೆ. ಆದರೆ ಆ ಉದ್ದಕ್ಕೆ ಸಿಯಾಟಲ್ ಒಂದನ್ನು ಬಿಟ್ಟರೆ ಹೇಳಿಕೊಳ್ಳುವಂಥ ಫಲ ಸಿಗಲಿಲ್ಲ. ಓದಿ ಬರೆದಿದ್ದಾನೋ ಇಲ್ಲವೋ ಅನ್ನೋದು ಎರಡೇ ಸಾಲಿನಲ್ಲೂ ತಿಳೀತದೆ.

‘ಛಂದ ಇದ್ದಾಂವಗ ಹಾಯ್ ಅಂದ್ರೂ ಉತ್ತರ ಬರ್ತದಲ್ಲ?’ ಬರ್ತದೆ. ಅನ್ಯಾಯ ಅನ್ನಿಸಿದರೆ ಅನ್ನಿಸಲಿ. ಹೆಣ್ಣುಮಕ್ಕಳೂ ‘ಹಾಯ್’ ಕಳಿಸ್ತಾರೆ, ಅದೂ ನಿಜ. ಹೆಣ್ಣೇ ಮೊದಲು ಬರೆಯಬೇಕು ಎಂಬ ನಿಯಮದೊಂದಿಗೆ 2014ರಲ್ಲಿ ಶುರುವಾಗಿ 2018ರ ಕೊನೆಗೆ ಭಾರತಕ್ಕೂ ಬಂದ ಬಂಬಲ್, 2024ರಲ್ಲಿ ಆ ನಿಯಮವನ್ನು ಸಡಿಲ ಮಾಡಿತು. ಈಗ ಆಕೆ ಒಂದು ಪ್ರಶ್ನೆ ಮೊದಲೇ ಇಟ್ಟರೆ ಗಂಡು ಅದಕ್ಕೆ ಉತ್ತರಿಸಿ ಮಾತು ಶುರು ಮಾಡಬಹುದು. ಅಂದರೆ ಮೊದಲ ಮಾತು ಎಲ್ಲರಿಗೂ ಭಾರವೇ. ಆದರೆ ಭಾರ ಎಲ್ಲರಿಗೂ ಸಮ ಅಲ್ಲ, ಅದರಲ್ಲೂ ನಮ್ಮ ಊರುಗಳಲ್ಲಿ.

ಬೆಂಗಳೂರಿನಲ್ಲಿ ಆ್ಯಪು ‘ನಿಮ್ಮಿಂದ 4 ಕಿಲೋಮೀಟರ್ ದೂರ’ ಅಂದರೆ ಆ ನಾಲ್ಕು ಕಿಲೋಮೀಟರಿನೊಳಗೆ ಲಕ್ಷ ಮಂದಿ ಇರ್ತಾರೆ. ಬಬಲೇಶ್ವರದಲ್ಲಿ ನಿಂತು ನೋಡಿದರೆ ಅದು ಹೆಚ್ಚುಕಡಿಮೆ ಮನೆಯ ವಿಳಾಸ. ಅದಕ್ಕೇ ನಮ್ಮ ಕಡೆಯ ಹುಡುಗಿಯರ ಪ್ರೊಫೈಲಿನಲ್ಲಿ ಮುಖ ಇರೋದಿಲ್ಲ; ಗುಲಾಬಿ ಹೂ, ಬೆಕ್ಕು, ಬಾರಾ ಕಮಾನಿನ ಹಿಂದೆ ಮುಳುಗುವ ಸೂರ್ಯ. ‘ಫೇಕ್ ಐಡಿ ಅದ ಬಿಡೋ’ ಎಂದು ನಗ್ತಾರೆ ನಮ್ಮವರು. ಫೇಕ್ ಅಲ್ಲಪ್ಪ, ಅಂಜಿಕೆ. ನಿನ್ನ ಚಾಟಿನ ಸ್ಕ್ರೀನ್‌ಶಾಟ್ ಗಾಂಧಿಚೌಕದಾಗ ಯಾರಿಗರ ಸಿಕ್ಕರೆ ನಾಲ್ಕು ದಿನ ಚೇಷ್ಟೆ ಮಾಡಿ ಬಿಡ್ತಾರೆ. ಆಕೆಯದು ಸಿಕ್ಕರೆ ಸಂಜೆಯೊಳಗೆ ಊರಿಗೆ ಮುಟ್ಟಿ, ಮರುದಿನ ಬಸ್ ಪಾಸು ಬಂದ್ ಆಗಬಹುದು, ನೌಕರಿ ಬಿಡಿಸಬಹುದು, ತಿಂಗಳೊಳಗೆ ಯಾರಿಗೋ ಗಂಟು ಹಾಕಬಹುದು. ಇಷ್ಟೆಲ್ಲ ಪಣಕ್ಕಿಟ್ಟು ಆ್ಯಪು ತೆರೆದವಳಿಗೆ ನೀನು ಕೊಡುವ ಮರ್ಯಾದೆ ಒಂದೂವರೆ ಅಕ್ಷರ!

ಸೊಕ್ಕು ಅಂತೀರಲ್ಲ, ಅದಕ್ಕೂ ಒಂದು ಮಾತು. ಟಿಕೋಟಾದಿಂದ ವಿಜಯಪುರಕ್ಕೆ ಬರುವ ಅಥಣಿ ರಸ್ತೆಯಲ್ಲಿ, ತೊರವಿಯ ಹತ್ತಿರ, ಮಹಿಳಾ ವಿಶ್ವವಿದ್ಯಾಲಯ ಇದೆ. 2003ರಲ್ಲಿ ಶುರುವಾದದ್ದು, 2017ರಿಂದ ಅಕ್ಕಮಹಾದೇವಿಯ ಹೆಸರು ಹೊತ್ತಿದೆ. ತನಗೆ ಒಲ್ಲದ್ದನ್ನು ಒಲ್ಲೆ ಅಂದವಳ ಹೆಸರು ಅದು. ಅಲ್ಲಿ ಓದಿ ಹೊರಬಿದ್ದ ಎಷ್ಟೋ ಹುಡುಗಿಯರು ತಮ್ಮ ಮನೆತನದಲ್ಲಿ ‘ನನಗ ಬ್ಯಾಡ’ ಎಂದು ಹೇಳಲು ಬಂದ ಮೊದಲ ತಲೆಮಾರು. ಉತ್ತರ ಕೊಡದೇ ಇರುವುದು ಅವರ ಹಕ್ಕು. ಅದನ್ನು ಸೊಕ್ಕು ಅನ್ನುವವನಿಗೆ ಹೆಣ್ಣಿನ ‘ಹೂಂ’ ತಾನಾಗಿಯೇ ಸಿಗಬೇಕಾದ ಪಗಾರ ಅನ್ನಿಸಿರ್ತದೆ.

ಇನ್ನು ‘ಹಾಯ್’ ದಾಟಿ ಮುಂದೆ ಹೋದವರ ಕಥೆ. ಎರಡನೇ ಮೆಸೇಜು ಏನು ಗೊತ್ತೇನು? ‘ಫುಲ್ ನೇಮ್?’ ನಮ್ಮ ಕಡೆಯವರಿಗೆ ಇದರ ಮರ್ಮ ಬಿಡಿಸಿ ಹೇಳಬೇಕಿಲ್ಲ. ಅಡ್ಡಹೆಸರು ಕೇಳಿದರೆ ಯಾವ ಮಂದಿ, ಯಾವ ಊರು, ಯಾರ ಮನೆತನ ಎಲ್ಲ ತಿಳೀತದೆ. ಹೆಣ್ಣು ನೋಡಲು ಹೋದಾಗ ಹಿರಿಯರು ಕುಲ, ಗೋತ್ರ, ರೊಟ್ಟಿ ಬಡಿಯಲು ಬರ್ತದೋ ಇಲ್ಲವೋ ಎಂದು ಕೇಳ್ತಾರೆ ಅಂತ ನಗುವ ಇದೇ ಹುಡುಗರು, ಆ್ಯಪಿನಲ್ಲಿ ಕೂತು ಅಡ್ಡಹೆಸರು, ಹೈಟು, ಸ್ಯಾಲರಿ ಕೇಳ್ತಾರೆ. ಹಿರಿಯರು ಕನಿಷ್ಠ ‘ಏನವಾ, ಆರಾಮದಿ?’ ಅಂತ ಶುರು ಮಾಡ್ತಿದ್ದರು.

ಮ್ಯಾಟ್ರಿಮೊನಿ ತಾಣಗಳಲ್ಲಿ ಇನ್ನೂ ಮಜಾ. ಅಲ್ಲಿ ಎಷ್ಟೋ ಪ್ರೊಫೈಲುಗಳನ್ನು ನಡೆಸುವವರು ತಂದೆ-ತಾಯಿ. ಅದು ಪ್ರೊಫೈಲಿನಲ್ಲೇ ಬರೆದಿರ್ತದೆ. ನಮ್ಮ ಬ್ಯಾಂಕಿನ ದೋಸ್ತ ಓದದೇ ‘ಹಾಯ್ ಬ್ಯೂಟಿಫುಲ್’ ಕಳಿಸಿದ. ಉತ್ತರ ಬಂತು: ‘ನಾನು ಹುಡುಗಿಯ ತಂದೆ. ಹೇಳಪಾ.’ ಎರಡು ದಿನ ಆ ಮನುಷ್ಯ ಫೋನು ಮುಟ್ಟಲಿಲ್ಲ.

ಭಾಷೆಯ ವಿಷಯಕ್ಕೂ ಬರ್ತೀನಿ. ಇಂಗ್ಲಿಷಿನಲ್ಲಿ ಎಲ್ಲರೂ ಯೂ. ನಮ್ಮಲ್ಲಿ ನೀ ಇದೆ, ನೀವು ಇದೆ, ಎಲ್ಲಕ್ಕಿಂತ ಮಿಗಿಲಾಗಿ ರೀ ಇದೆ. ‘ಏನ್ರಿ’, ‘ಹೌದ್ರಿ’, ‘ಇಲ್ರಿ’. ಒಂದೇ ಅಕ್ಷರ, ಆದರೆ ಅದರಲ್ಲಿ ದೂರವೂ ಇದೆ, ಮರ್ಯಾದೆಯೂ ಇದೆ, ಸಲಿಗೆಗೆ ಜಾಗವೂ ಇದೆ. ರೀ ಹಚ್ಚಿ ಮಾತಾಡಿ, ದಿನಗಳೆದ ಮೇಲೆ ಆಕೆಯೇ ‘ರೀ ಬಿಡ್ರಿ ಇನ್ನ’ ಅನ್ನುವ ತನಕ ಕಾಯುವುದರಲ್ಲಿ ಇರುವ ಸುಖ ‘ಡಿಯರ್’ ಅಂದು ಶುರು ಮಾಡುವವನಿಗೆ ಈ ಜನ್ಮದಲ್ಲಿ ತಿಳಿಯೋದಿಲ್ಲ. ಇಷ್ಟು ಸೊಗಸಾದ ಸಾಧನವನ್ನು ಮನೆಯಲ್ಲಿಟ್ಟುಕೊಂಡು ಕಲಿತ ಇಂಗ್ಲಿಷಿನಲ್ಲಿ ‘ಹಲೋ ಮ್ಯಾಮ್’ ಬರೆಯುವುದು ಯಾವ ಶಹಾಣ್ಯಾತನ?

ಈಗ ನನ್ನ ಪಾಳಿ.

ಫೈನಾನ್ಸ್ ಕಂಪನಿಯ ದೋಸ್ತ ಬಬಲೇಶ್ವರದ ಕಡೆಯವ, ಮನೆಯಲ್ಲಿ ಕಬ್ಬು. ಹೋದ ವರ್ಷ ಬೇಸಿಗೆಯಲ್ಲಿ ಅವನಿಗೆ ಒಂದು ಮ್ಯಾಚ್ ಆಯಿತು. ಆಕೆ ದ್ರಾಕ್ಷಿ ತೋಟದ ಮನೆಯವಳು. ಪ್ರೊಫೈಲಿನಲ್ಲಿ ಹೀಗೊಂದು ಸಾಲಿತ್ತು: ‘ಮಳಿ ಬಂದ್ರ ನಮ್ಮನ್ಯಾಗ ಎಲ್ಲಾರಿಗೂ ಖುಷಿ, ಶೆಡ್ಡಿನ್ಯಾಗ ದ್ರಾಕ್ಷಿ ಒಣಗಾಕ್ ಹಾಕಿದಾಗ ಬಿಟ್ಟು.’ ಅವನು ಎಂದಿನಂತೆ ‘ಹಾಯ್’ ಟೈಪು ಮಾಡಿದ್ದ. ನಾನು ಫೋನು ಕಸಿದುಕೊಂಡೆ. ನಾನು ಟಿಕೋಟಾದವ. ನಮ್ಮ ಕಡೆ ಒಣದ್ರಾಕ್ಷಿ ಅಂದರೆ ಬದುಕು. ಬಲೆಯ ಮೇಲೆ ಹರವಿದ ಹಣ್ಣಿಗೆ ಅಡ್ಡಮಳಿ ತಾಗಿದರೆ ಬಣ್ಣ ಕಪ್ಪಾಗ್ತದೆ, ದರ ಬೀಳ್ತದೆ, ಇಡೀ ವರ್ಷದ ಲೆಕ್ಕ ತಪ್ಪುತ್ತದೆ. ಬರೆದೆ: ‘ಈ ಸಲ ಮಳಿ ಬರೂದ್ರಾಗ ತಾಡಪತ್ರಿ ಕಟ್ಟಿದ್ರೇನ್ರಿ? ನಮ್ಮ ಶೆಡ್ಡಿನ್ಯಾಗ ಒಂದ್ ಬಾಜೂ ಕಟ್ಟೂದು ಮರತು, ನಮ್ಮಪ್ಪ ರಾತ್ರಿಯೆಲ್ಲ ಬ್ಯಾಟರಿ ಹಿಡಕೊಂಡು ನಿಂತಿದ್ದ.’

ಒಂದು ತಾಸಿನೊಳಗೆ ಉತ್ತರ ಬಂತು. ಮೂರು ವಾರ ಮಾತು ನಡೆಯಿತು. ಅವನು ಸ್ಕ್ರೀನ್‌ಶಾಟ್ ಕಳಿಸ್ತಿದ್ದ, ನಾನು ಉತ್ತರ ಬರೆದುಕೊಡ್ತಿದ್ದೆ. ನನಗೋ ಒಳಗೊಳಗೇ ಹೆಮ್ಮೆ. ಆಕೆ ತನ್ನ ಅಪ್ಪನ ಸಾಲದ ಬಗ್ಗೆ ಬರೆದಳು. ಆ ವರ್ಷ ತೋಟ ತೆಗೆಸುವ ಮಾತು ನಡೆದದ್ದು, ಅವ್ವ ಅತ್ತದ್ದು, ತಾನು ಬೆಂಗಳೂರಿಗೆ ಬರುವ ಅವಕಾಶ ಬಿಟ್ಟದ್ದು, ಎಲ್ಲ. ಒಬ್ಬನಿಗೆ ಹೇಳ್ತಿದ್ದೀನಿ ಅಂತ ತಿಳಿದು ಆಕೆ ಹೇಳಿದಳು. ಓದಿದವರು ಇಬ್ಬರು.

ಇಬ್ರಾಹಿಂ ರೋಜಾದ ಹುಲ್ಲಿನ ಮೇಲೆ, ಹಾಡಹಗಲು, ಮಂದಿ ಓಡಾಡುವ ಜಾಗದಲ್ಲಿ ಭೇಟಿ ಆದರು. ಆಕೆ ಮೊದಲು ಕೇಳಿದ್ದು, ‘ನಿಮ್ಮ ಶೆಡ್ಡು ಯಾವ ಕಡೆ ಬರ್ತದ್ರಿ?’ ಇವನು, ‘ಯಾವ ಶೆಡ್ಡು?’ ಅಂದ.

ಆಕೆ ಕೂಗಾಡಲಿಲ್ಲವಂತೆ. ಸ್ವಲ್ಪ ಹೊತ್ತು ಸುಮ್ಮನೆ ಕೂತು ಕೇಳಿದಳಂತೆ: ‘ಹಂಗಾರ ಮೂರು ವಾರ ನಾ ಯಾರ ಕೂಡ ಮಾತಾಡೀನಿ?’ ಎದ್ದು ಹೋದಳು. ಅಲ್ಲಿಗೆ ಮುಗಿಯಿತು.

ಈ ಪ್ರಶ್ನೆಗೆ ಇವತ್ತಿಗೂ ನನ್ನಲ್ಲಿ ಉತ್ತರ ಇಲ್ಲ. ‘ಹಾಯ್’ ಕಳಿಸುವವನು ಆಕೆಯ ಎರಡು ಸೆಕೆಂಡು ಹಾಳುಮಾಡ್ತಾನೆ. ನಾನು ಮೂರು ವಾರದ ನಂಬಿಕೆಯನ್ನು ಹಾಳುಮಾಡಿದೆ, ಅದೂ ಚೆಂದದ ವಾಕ್ಯಗಳಿಂದ. ಹೆಚ್ಚಿನ ತಪ್ಪು ಯಾರದು ಎಂದು ನೀವೇ ತೂಗಿ ನೋಡ್ರಿ.

ಈಗಂತೂ ನನ್ನಂಥವರ ಹಂಗೂ ಬೇಕಿಲ್ಲ. ಪ್ರೊಫೈಲನ್ನು ಚಾಟ್‌ಜಿಪಿಟಿಗೆ ಹಾಕಿ ‘ಒಂದು ಓಪನಿಂಗ್ ಲೈನ್ ಕೊಡು’ ಅಂದರೆ ಹತ್ತು ಕೊಡ್ತದೆ. ಹತ್ತೂ ನುಣುಪು, ವ್ಯಾಕರಣ ಶುದ್ಧ. ದೋಸ್ತರು ಇದನ್ನು ಪ್ರಗತಿ ಅಂತಾರೆ. ನಾನು ಆ ಕೆಲಸವನ್ನು ಕೈಯಿಂದ ಮಾಡಿ ಬಂದವನು, ಅದಕ್ಕೇ ಹೇಳ್ತೀನಿ: ಮೊದಲ ಸಾಲು ಸಾಲದ್ದಾದರೆ ಎರಡನೆಯದನ್ನೂ ಸಾಲ ತರಬೇಕು, ಮೂರನೆಯದನ್ನೂ. ಕೊನೆಗೆ ಒಂದು ದಿನ ಎದುರಾಬದುರು ಕೂರಲೇಬೇಕು. ಅಲ್ಲಿ ಫೋನು ನೋಡಿ ಉತ್ತರ ಹೇಳಲಿಕ್ಕಾಗೋದಿಲ್ಲ. ಬರೆಯುವುದಕ್ಕೆ ತೊಡಕಾದರೆ ಕಾಗುಣಿತ ತಿದ್ದಿಸಿಕೊಳ್ಳಿ, ಬೇಡ ಅನ್ನೋದಿಲ್ಲ. ಮನಸ್ಸನ್ನು ಬೇರೆಯವರಿಂದ ಬರೆಸಿಕೊಳ್ಳಬೇಡಿ.

ಹಾಗಾದರೆ ಏನು ಬರೀಬೇಕು? ಮೂರೇ ಮಾತು. ಒಂದು, ಅದು ಆಕೆಗೇ ಬರೆದದ್ದಾಗಿರಬೇಕು. ಹೆಸರು ಬದಲಿಸಿ ಇನ್ನೊಬ್ಬಳಿಗೆ ಕಳಿಸಬಹುದಾದರೆ ಅದು ಕಾಗದವಲ್ಲ, ಹ್ಯಾಂಡ್‌ಬಿಲ್. ಎರಡು, ಅದು ನಿನ್ನದೇ ಆಗಿರಬೇಕು, ಒರಟಾಗಿದ್ದರೂ ಅಡ್ಡಿಯಿಲ್ಲ. ಮೂರು, ಉತ್ತರ ಬರದಿದ್ದರೆ ಅಲ್ಲಿಗೆ ಬಿಡಬೇಕು. ‘ರಿಪ್ಲೈ ಯಾಕ ಮಾಡವಲ್ಲಿ?’ ಎಂದು ಮತ್ತೆ ಮತ್ತೆ ಕೇಳುವುದು, ಇನ್‌ಸ್ಟಾಗ್ರಾಮಿನಲ್ಲಿ ಹುಡುಕಿ ಹಿಡಿಯುವುದು ಪ್ರೇಮವಲ್ಲ. ಹೆಣ್ಣು ಆಸಕ್ತಿ ಇಲ್ಲವೆಂದು ಸ್ಪಷ್ಟವಾಗಿ ತೋರಿಸಿದ ಮೇಲೂ ಪದೇ ಪದೇ ಸಂಪರ್ಕಿಸಲು ಹೋಗುವುದು 2013ರಿಂದ ಅಪರಾಧ. ಆಗ ಐಪಿಸಿಯ 354ಡಿ, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 78ನೇ ಸೆಕ್ಷನ್. ಕಾನೂನಿಗೆ ಅಂಜಿ ಅಲ್ಲ, ನಾಚಿಕೆಯಿಂದ ಬಿಟ್ಟರೆ ಇನ್ನೂ ಚಲೋ.

ದಿನಕ್ಕೆ ಐವತ್ತು ‘ಹಾಯ್’ ಬದಲು ವಾರಕ್ಕೆ ಒಂದೇ ಮೆಸೇಜು ಬರೀರಿ. ಅದಕ್ಕೂ ಉತ್ತರ ಬರದಿರಬಹುದು. ಬರೆಯೋದು ಅಂದರೆ ಅಷ್ಟೇ, ಮುಟ್ಟತದೆ ಅನ್ನೋ ಖಾತ್ರಿ ಇಲ್ಲದೇ ಬರೆಯೋದು.

ಹೋದ ತಿಂಗಳು ಊರಿಗೆ ಹೋದಾಗ ಫೈನಾನ್ಸ್ ದೋಸ್ತ ಫೋನು ತೋರಿಸಿದ. ಕೈಗೆ ಕೊಡಲಿಲ್ಲ, ದೂರದಿಂದಲೇ ತೋರಿಸಿದ. ಇನ್ನೊಬ್ಬಳಿಗೆ ತಾನೇ ಬರೆದದ್ದು. ಕನ್ನಡ ಕೀಬೋರ್ಡಿನಲ್ಲಿ ಒತ್ತಕ್ಷರ ಎಲ್ಲೆಲ್ಲೋ ಬಿದ್ದಿದ್ದವು. ‘ನಂಗ ಛಂದ ಬರ್ಯಾಕ ಬರಂಗಿಲ್ರಿ. ನೀವು ಸೈಕಲ್ ಮ್ಯಾಲ ಆಲಮಟ್ಟಿಗೆ ಹೋಗಿದ್ದು ಓದಿದೆ. ಅಷ್ಟ್ ದೂರ ಹೋಗ್ಬೇಕಂದ್ರ ಮುಂಜಾನಿ ಎಷ್ಟಕ್ಕ ಬಿಟ್ರಿ? ನಾ ಕಬ್ಬಿನ ಟ್ರ್ಯಾಕ್ಟರಿನ್ಯಾಗ ಕುಂತು ಆ ಕಡೆ ಹೋಗೀನಿ, ಸೈಕಲ್ ಮ್ಯಾಲ ಅಂದ್ರ ನಂಬಾಕಾಗವಲ್ತು.’

ಕಳಿಸಿ ಆರು ದಿನ ಆಗಿತ್ತು. ಉತ್ತರ ಬಂದಿರಲಿಲ್ಲ. ಇನ್ನೊಂದು ಮೆಸೇಜು ಕಳಿಸಲೇನು ಅಂತ ನನ್ನನ್ನು ಕೇಳಲೂ ಇಲ್ಲ. ‘ಇರ್ಲಿ ಬಿಡೋ, ಕೇಳೂದು ಕೇಳೀನಿ’ ಅಂದು ಫೋನು ಕಿಸೆಯಲ್ಲಿಟ್ಟ, ಎರಡು ಚಾ ಹೇಳಿದ.

ನಾನು ಬರೆದುಕೊಟ್ಟ ಯಾವ ಸಾಲೂ ಆ ನಾಲ್ಕು ಸಾಲಿನ ಹತ್ತಿರ ಬರೋದಿಲ್ಲ.